ಇಂಗ್ಲಿಷ್ ಪೀರಿಯಡ್‌ನಲ್ಲಿ ನಲ್ಲಿನೀರಿನ ಲೆಕ್ಕ

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಪಾಠದೊಳಗೆ ಸುಸ್ಥಿರತೆಯನ್ನೂ ತಂತ್ರಜ್ಞಾನವನ್ನೂ ಸೇರಿಸಿ ಎನ್ನುತ್ತಾರೆ. ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ವ್ಯಾಕರಣ ಮುಗಿಸುವುದೇ ಕಷ್ಟವಾಗಿರುವಾಗ ಇದಕ್ಕೆ ಸಮಯ ಎಲ್ಲಿಂದ ತರಲಿ?

ಉತ್ತರ: ವ್ಯಾಕರಣದ ಪಕ್ಕದಲ್ಲಿ ಪರಿಸರವನ್ನು ಇನ್ನೊಂದು ಪಾಠವಾಗಿ ಇಟ್ಟರೆ ಮಾತ್ರ ಬೇರೆ ಸಮಯ ಬೇಕಾಗುತ್ತದೆ. ವ್ಯಾಕರಣಕ್ಕೆ ಬೇಕಾದ ಸಾಮಗ್ರಿಯನ್ನೇ ಪರಿಸರದಿಂದ ತೆಗೆದುಕೊಂಡರೆ ಬೇಕಾಗುವುದಿಲ್ಲ. ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ತಡವರಿಸುವುದಕ್ಕೆ ನಿಯಮ ಬಾರದಿರುವುದೊಂದೇ ಕಾರಣವಲ್ಲ. ಆ ಭಾಷೆಯಲ್ಲಿ ಹೇಳಲೇಬೇಕಾದ ಸಂಗತಿ ಅವರಲ್ಲಿ ಇರುವುದಿಲ್ಲ. ‘ರಾಮ ಕಿಲ್ಡ್ ರಾವಣ’ ಎಂಬುದನ್ನು ಹತ್ತು ಸಲ ಪ್ಯಾಸಿವ್ ವಾಯ್ಸ್‌ಗೆ ತಿರುಗಿಸಿದ ಹುಡುಗಿಗೆ, ಅದನ್ನು ಯಾರಿಗೆ, ಏಕೆ ಹೇಳಬೇಕೆಂಬುದು ಕೊನೆಗೂ ತಿಳಿಯುವುದಿಲ್ಲ.

ಶಾಲೆಯ ಅಂಗಳದಲ್ಲಿ ಸೋರುವ ನಲ್ಲಿಯೊಂದಿದ್ದರೆ ಅಲ್ಲಿಂದಲೇ ಆರಂಭಿಸಿ. ವಿಜ್ಞಾನ ಕೊಠಡಿಯ ಅಳತೆ ಜಾಡಿಯನ್ನು ಅದರ ಕೆಳಗಿಟ್ಟು, ನಿಮ್ಮ ಫೋನಿನ ಟೈಮರನ್ನು 10 ನಿಮಿಷಕ್ಕೆ ಹಾಕಿ. ಸೆಕೆಂಡಿಗೊಂದು ಹನಿ ಬೀಳುತ್ತಿದ್ದರೆ ಜಾಡಿಯಲ್ಲಿ ಸುಮಾರು 30 ಮಿಲಿಲೀಟರ್ ನೀರು ನಿಂತಿರುತ್ತದೆ. ನೋಡಲು ಅದು ಏನೂ ಅಲ್ಲ. ಆದರೆ ಮಕ್ಕಳೇ ಗುಣಿಸಿದಾಗ ದಿನಕ್ಕೆ 4 ಲೀಟರಿಗಿಂತ ಹೆಚ್ಚು, ತಿಂಗಳಿಗೆ ಸುಮಾರು 130 ಲೀಟರ್ ಎಂದು ಹೊರಬೀಳುತ್ತದೆ, ಮತ್ತು ‘ಇಫ್ ವಿ ಚೇಂಜ್ ದ ವಾಷರ್, ವಿ ವಿಲ್ ಸೇವ್ 130 ಲೀಟರ್ಸ್ ಎ ಮಂತ್’ ಎಂಬ ವಾಕ್ಯಕ್ಕೆ ಆಗ ಅರ್ಥ ಬರುತ್ತದೆ. ವಾಷರ್ ಬದಲಾದ ಮೇಲೆ ‘ದ ವಾಷರ್ ವಾಸ್ ಚೇಂಜ್ಡ್ ಆನ್ ಮಂಡೇ’ ಎಂದು ಬರೆಸಿ. ಯಾರು ಬದಲಿಸಿದರು ಎಂಬುದಕ್ಕಿಂತ ಬದಲಾಯಿತು ಎಂಬುದೇ ಮುಖ್ಯವಾದಾಗ ಪ್ಯಾಸಿವ್ ವಾಯ್ಸ್ ತಾನಾಗಿಯೇ ಬೇಕಾಗುತ್ತದೆಂದು ಮಕ್ಕಳು ಅಲ್ಲಿ ಕಾಣುತ್ತಾರೆ.

ಎರಡನೆಯ ದಾರಿ ಮರದ್ದು. ಸೀಸನ್‌ವಾಚ್ ಎಂಬ ಯೋಜನೆಯಲ್ಲಿ ಶಾಲಾಮಕ್ಕಳೂ ನಾಗರಿಕರೂ ಮಾವು, ಹಲಸು, ಹುಣಸೆ, ಹೊಂಗೆಯಂಥ ಒಂದೇ ಮರವನ್ನು ವಾರವಾರ ನೋಡಿ, ಚಿಗುರು, ಹೂ, ಕಾಯಿಗಳು ಇಲ್ಲವೇ, ಕೆಲವೇ, ಬಹಳವೇ ಎಂದು ದಾಖಲಿಸುತ್ತಾರೆ. ಇಂಗ್ಲಿಷ್ ಮೇಷ್ಟ್ರಿಗೆ ಇದು ‘ನನ್, ಫ್ಯೂ, ಮೆನಿ’ ಪಾಠ. ಹೋದ ವಾರಕ್ಕೂ ಈ ವಾರಕ್ಕೂ ಹೋಲಿಸಿದರೆ ಡಿಗ್ರೀಸ್ ಆಫ್ ಕಂಪ್ಯಾರಿಸನ್. ‘ಸೇವ್ ಟ್ರೀಸ್’ ಎಂದು ಭಿತ್ತಿಪತ್ರ ಬರೆಸುವುದರಿಂದ ಇಷ್ಟು ಭಾಷೆ ಹುಟ್ಟುವುದಿಲ್ಲವೆಂದು ನಾನು ದೃಢವಾಗಿ ನಂಬುತ್ತೇನೆ, ಏಕೆಂದರೆ ಘೋಷಣೆಗೆ ಎರಡು ಪದ ಸಾಕು, ನೋಡಿದ್ದನ್ನು ಹೇಳಲು ಸಾಲದು.

ತಂತ್ರಜ್ಞಾನವೆಂದರೆ ಸ್ಮಾರ್ಟ್ ಬೋರ್ಡೇ ಆಗಬೇಕೆಂದಿಲ್ಲ. ಒಂದು ಫೋನಿನಲ್ಲಿ ಟೈಮರ್, ಕ್ಯಾಮೆರಾ, ಧ್ವನಿ ಮುದ್ರಣ ಮೂರೂ ಇವೆ. ಮಗು ಮರದ ಕೆಳಗೆ ನಿಂತು ಮಾತಾಡಿದ ಒಂದು ನಿಮಿಷವನ್ನು ಮುದ್ರಿಸಿ, ತಿಂಗಳ ನಂತರ ಅದಕ್ಕೇ ಕೇಳಿಸಿದರೆ ತನ್ನ ತಪ್ಪನ್ನು ತಾನೇ ಹಿಡಿಯುತ್ತದೆ.

ಚರ್ಚೆ ಮೊದಲು ಕನ್ನಡದಲ್ಲೇ ನಡೆಯಲಿ. ವಿಷಯ ತಿಳಿಯಾದ ಮೇಲೆ ಇಂಗ್ಲಿಷಿಗೆ ಹೋಗಿ. ನಡುವೆ ನಿಲ್ಲಿಸಿ ತಿದ್ದಬೇಡಿ. ಪತ್ರಲೇಖನಕ್ಕೂ ಇದೇ ನಲ್ಲಿ ಸಾಕು. ಗ್ರಾಮ ಪಂಚಾಯಿತಿಗೆ ನಿಜವಾಗಿ ಕೊಡುವ ಅರ್ಜಿ ಕನ್ನಡದಲ್ಲಿರಲಿ, ಏಕೆಂದರೆ ಅದನ್ನು ಓದಿ ಕೆಲಸ ಮಾಡಿಸಬೇಕಾದ ಪಿಡಿಒ ಅವರ ಕಚೇರಿಯ ಭಾಷೆ ಅದು. ಅದೇ ಸಂಗತಿಯ ಇಂಗ್ಲಿಷ್ ಪತ್ರವನ್ನು ಕನ್ನಡ ಬಾರದ ಬೇರೆ ರಾಜ್ಯದ ಶಾಲೆಯೊಂದಕ್ಕೆ, ಜಾಡಿಯ ಚಿತ್ರದೊಂದಿಗೆ ಕಳಿಸಿ.