ಎಕ್ಸ್‌ಪಿ ಇನ್ನೂ ಮನೆ ಖಾಲಿ ಮಾಡಿಲ್ಲ

ಆಷಾಢದಲ್ಲಿ ಬೆಂಗಳೂರಿನ ಸುಲ್ತಾನ್‌ಪೇಟೆಯ ಮದುವೆ ಪತ್ರಿಕೆ ಅಂಗಡಿಗಳಿಗೆ ಪುರುಸೊತ್ತು. ಲಗ್ನಗಳಿಲ್ಲ, ಪತ್ರಿಕೆ ಮಾಡಿಸುವ ಪಾರ್ಟಿಗಳೂ ಇಲ್ಲ. ಅಂಥ ಒಂದು ಮಧ್ಯಾಹ್ನ ಪರಿಚಯದ ಅಂಗಡಿಯ ಯಜಮಾನರು ಫೋನ್ ಮಾಡಿದರು. ‘ಎಸ್.ಪಿ. ರೋಡಿಂದ ಹೊಸ ಸಿಸ್ಟಮ್ ತಂದಿದೀವಿ ಸಾರ್. ಹಳೇದರಲ್ಲಿ ಇರೋದನ್ನೆಲ್ಲ ಇದಕ್ಕೆ ಹಾಕ್ಕೊಡ್ತೀರಾ?’

ಸುಮ್ನೆ ಫೈಲು ಕಾಪಿ ಮಾಡುವ ಕೆಲಸ ಅಂದುಕೊಂಡು ಹೋದೆ. ಹಳೆಯದರಲ್ಲಿ ಇದ್ದದ್ದು ವಿಂಡೋಸ್ ಎಕ್ಸ್‌ಪಿ. 2001ರ ಅಕ್ಟೋಬರಿನಲ್ಲಿ ಬಂದದ್ದು, 2014ರ ಏಪ್ರಿಲ್ 8ಕ್ಕೆ ಮೈಕ್ರೋಸಾಫ್ಟ್ ಕೈಬಿಟ್ಟದ್ದು. ಹೊಸದರಲ್ಲಿ ವಿಂಡೋಸ್ 11. ಅಲ್ಲಿ ಡಿಟಿಪಿ ಮಾಡುವ ಅಕ್ಕ ಹೊಸ ಪರದೆಯನ್ನು ಒಂದು ನಿಮಿಷ ನೋಡಿದರು. ‘ಚೆನ್ನಾಗಿದೆ. ಪೇಜ್‌ಮೇಕರ್ ಎಲ್ಲಿ?’ ಅಂದರು.

ಪೇಜ್‌ಮೇಕರ್ ಅಂದರೆ ಪುಟ ಜೋಡಿಸುವ ತಂತ್ರಾಂಶ. ಅದರ ಕೊನೆಯ ಆವೃತ್ತಿ 7 ಬಂದದ್ದೂ 2001ರಲ್ಲೇ. ಹೊಸ ವಿಂಡೋಸಿನಲ್ಲೂ ಅದನ್ನು ಹೇಗೋ ಓಡಿಸುವವರು ಇದ್ದಾರೆ. ಆದರೆ ಈ ಅಂಗಡಿಯಲ್ಲಿ ಗಂಟು ಒಂದಲ್ಲ. ಮೊದಲ ಗಂಟು ಅಕ್ಷರದ್ದು.

ಇಪ್ಪತ್ತು ವರ್ಷದ ಪತ್ರಿಕೆಗಳ ಮ್ಯಾಟರ್ ಎಲ್ಲ ನುಡಿ ಎಂಬ ಕನ್ನಡ ತಂತ್ರಾಂಶದ ಹಳೆ ಫಾಂಟುಗಳಲ್ಲಿದೆ. ನಿಜ ಹೇಳಬೇಕೆಂದರೆ ಆ ಫೈಲುಗಳಲ್ಲಿ ಕನ್ನಡವೇ ಇಲ್ಲ! ‘ಕ’ ಬೇಕಾದ ಕಡೆ ಇರುವುದು ಎರಡು ಸಂಖ್ಯೆಗಳು: 80 ಮತ್ತು 192. ಇಂಗ್ಲಿಷ್ ಲೆಕ್ಕದಲ್ಲಿ 80 ಅಂದರೆ ದೊಡ್ಡಕ್ಷರದ ‘ಪಿ’. 192 ಅಂದರೆ ತಲೆಯ ಮೇಲೊಂದು ಓರೆ ಗೆರೆ ಹೊತ್ತ ‘ಎ’. ಫಾಂಟು ಮಾಡುವ ಜಾಣತನ ಇಷ್ಟೇ: ‘ಪಿ’ ಬರಬೇಕಾದ ಜಾಗದಲ್ಲಿ ‘ಕ’ದ ಒಡಲನ್ನು ಬರೆಯುತ್ತದೆ, ‘ಎ’ ಜಾಗದಲ್ಲಿ ತಲೆಕಟ್ಟನ್ನು. ಫಾಂಟ್ ತೆಗೆದರೆ ವಧೂವರರ ಹೆಸರು ಮಂತ್ರವಾದಿಯ ತಗಡಿನಂತೆ ಕಾಣುತ್ತದೆ. ಎಲ್ಲ ಭಾಷೆಯ ಅಕ್ಷರಕ್ಕೂ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಹೀಗಲ್ಲ. ಅಲ್ಲಿ ‘ಕ’ ಅಂದರೆ 3221, ಯಾವ ಫಾಂಟಿನಲ್ಲಿ ನೋಡಿದರೂ ಅದು ‘ಕ’ವೇ. ಪಾಪ, ಎಕ್ಸ್‌ಪಿಯನ್ನು ಬೈಯುವ ಹಾಗಿಲ್ಲ. ಅದಕ್ಕೆ ಯೂನಿಕೋಡ್ ಕನ್ನಡ ಗೊತ್ತಿತ್ತು, ತುಂಗಾ ಎಂಬ ಫಾಂಟ್ ಅದರ ಜೊತೆಗೇ ಬಂತು. ಗೊತ್ತಿಲ್ಲದ್ದು ಪೇಜ್‌ಮೇಕರಿಗೆ. ಹಳೆಯದನ್ನು ಯೂನಿಕೋಡಿಗೆ ಬದಲಿಸುವ ತಂತ್ರಾಂಶಗಳಿವೆ, ಆದರೆ ಆಮೇಲೆ ಪುಟವನ್ನು ಮತ್ತೆ ಕಟ್ಟಬೇಕು, ಪ್ರೂಫ್ ನೋಡಬೇಕು. ಮದುವೆ ಪತ್ರಿಕೆಯಲ್ಲಿ ಒಂದು ಒತ್ತಕ್ಷರ ಜಾರಿದರೂ ಬೀಗರ ಮುಂದೆ ಮಾನ ಹೋಗುತ್ತದೆ.

ಎರಡನೆಯ ಗಂಟು ಸ್ಕ್ಯಾನರಿನದು. ಅದನ್ನು ವಿಂಡೋಸಿಗೆ ಪರಿಚಯಿಸುವ ತಂತ್ರಾಂಶ, ಅಂದರೆ ಡ್ರೈವರ್, 32 ಬಿಟ್ಟಿನದು. ವಿಂಡೋಸ್ 11 ಬರುವುದೇ 64 ಬಿಟ್ಟಿನಲ್ಲಿ, 32 ಬಿಟ್ ಡ್ರೈವರನ್ನು ಅದು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮೂರನೆಯದನ್ನು ಆಮೇಲೆ ಹೇಳುತ್ತೇನೆ, ನನಗೂ ಅದು ಆಮೇಲೆಯೇ ಗೊತ್ತಾದದ್ದು.

ಹಾಗಾದರೆ ಒಂದೇ ಕಂಪ್ಯೂಟರಿನಲ್ಲಿ ಎರಡನ್ನೂ ಇಡಬಹುದಲ್ವಾ? ಇಡಬಹುದು. ಡಿಸ್ಕನ್ನು ಭಾಗ ಮಾಡಿ, ಒಂದರಲ್ಲಿ ಹಳೆಯದು, ಇನ್ನೊಂದರಲ್ಲಿ ಹೊಸದು. ಆನ್ ಮಾಡಿದಾಗ ಯಾವುದು ಬೇಕು ಅಂತ ಆರಿಸಿಕೊಳ್ಳುವುದು. ಇದಕ್ಕೆ ಡ್ಯುಯಲ್ ಬೂಟ್ ಅನ್ನುತ್ತಾರೆ. ಇದರಲ್ಲಿ ನಾನು ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ.

ಹಿಂದೆ ಮನೆಯ ಕಂಪ್ಯೂಟರಿನಲ್ಲಿ ವಿಂಡೋಸ್ 10 ಇತ್ತು. ಹಳೆ ಆಟವೊಂದರ ಆಸೆಗೆ ಪಕ್ಕದ ಭಾಗದಲ್ಲಿ ಎಕ್ಸ್‌ಪಿ ಹಾಕಿದೆ. ಎಕ್ಸ್‌ಪಿ ಬಂತು, 10 ಮಾಯ. ಫೈಲೆಲ್ಲ ಡಿಸ್ಕಿನಲ್ಲೇ ಇವೆ, ಆದರೆ ಅದರೊಳಕ್ಕೆ ಹೋಗುವ ಬಾಗಿಲೇ ಇಲ್ಲ.

ಬಾಗಿಲು ಇರುವುದು ಡಿಸ್ಕಿನ ಮೊಟ್ಟಮೊದಲ 512 ಬೈಟಿನಲ್ಲಿ. ಅದರಲ್ಲಿ 64 ಬೈಟು ಡಿಸ್ಕಿನ ಭಾಗಗಳ ಪಟ್ಟಿಗೆ, 2 ಬೈಟು ಗುರುತಿಗೆ. ಉಳಿದ 446 ಬೈಟಿನಲ್ಲಿ, ಅಂದರೆ ಮೂರು ಎಸ್ಸೆಮ್ಮೆಸ್ಸಿನಷ್ಟು ಜಾಗದಲ್ಲಿ, ಕಂಪ್ಯೂಟರನ್ನು ಎಬ್ಬಿಸುವ ಪ್ರೋಗ್ರಾಮಿನ ಮೊದಲ ತುಣುಕು ಇರುತ್ತದೆ. ಅದು ಮುಂದಿನ ತುಣುಕನ್ನು ಕರೆಯುತ್ತದೆ, ಅದು ಅದರ ಮುಂದಿನದನ್ನು. ಎಕ್ಸ್‌ಪಿ ಕಾಲಕ್ಕೆ ಈ ಕೆಲಸ ಮಾಡುತ್ತಿದ್ದದ್ದು ಎನ್‌ಟಿಎಲ್‌ಡಿಆರ್ ಎಂಬ ಫೈಲು. ಅದರ ನಂತರ ಬಂದ ವಿಂಡೋಸ್ ವಿಸ್ತಾದಿಂದ ಈಚೆಗೆ ಬೂಟ್‌ಎಂಜಿಆರ್. ಹೊಸದಕ್ಕೆ ಹಳೆಯದರ ಪರಿಚಯವಿದೆ. ಎಕ್ಸ್‌ಪಿ ಇರುವ ಡಿಸ್ಕಿಗೆ ಅದನ್ನು ಹಾಕಿದರೆ ಪಟ್ಟಿಯಲ್ಲಿ ಎಕ್ಸ್‌ಪಿಗೂ ಒಂದು ಸಾಲು ಬರೆದಿಡುತ್ತದೆ. ಆದರೆ 2001ರಲ್ಲಿ ಬರೆದ ಎಕ್ಸ್‌ಪಿಗೆ ಮುಂದೆ ಬರಲಿರುವವರು ಹೇಗೆ ಗೊತ್ತಿರಬೇಕು? ಅದು ತನ್ನ 446 ಬೈಟನ್ನು ಬರೆದು ಸುಮ್ಮನಾಗುತ್ತದೆ. ಅದಕ್ಕೇ ಹಳಬರು ಹೇಳುವುದು, ಮೊದಲು ಹಳೆಯದನ್ನು ಹಾಕು, ಆಮೇಲೆ ಹೊಸದನ್ನು ಅಂತ.

ಜೊತೆಯಲ್ಲಿಟ್ಟರೆ ಬರುವ ತಂಟೆಗಳ ಬೇರು ಬಹಳಷ್ಟು ಸಲ ಇದೇ. ಎಕ್ಸ್‌ಪಿ ಪಕ್ಕದಲ್ಲಿ ವಿಸ್ತಾ ಅಥವಾ 7 ಹಾಕಿಕೊಂಡವರಿಗೆ ಒಂದು ವಿಚಿತ್ರ ಕಾಣುತ್ತಿತ್ತು. ಎಕ್ಸ್‌ಪಿಗೆ ಹೋಗಿ ಬಂದಾಗಲೆಲ್ಲ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು ಹೊಸದು ಉಳಿಸಿಟ್ಟುಕೊಂಡ ರಿಸ್ಟೋರ್ ಪಾಯಿಂಟುಗಳು ಅಳಿಸಿಹೋಗಿರುತ್ತಿದ್ದವು. ಎಕ್ಸ್‌ಪಿಗೆ ಅವು ಏನೆಂದೇ ಅರ್ಥವಾಗದೆ ಕಸ ಅಂತ ಗುಡಿಸುತ್ತಿತ್ತು.

ಇದನ್ನು ಬಲ್ಲವರು ಒಂದು ಉಪಾಯ ಮಾಡಿದರು. ಹಳೆ ಭಾಗಪಟ್ಟಿಗೆ ಸುಮಾರು 2 ಟೆರಾಬೈಟಿನ ಆಚೆ ಲೆಕ್ಕ ಸಿಗುವುದಿಲ್ಲ. ಹಾಗಾಗಿ ಜಿಪಿಟಿ ಎಂಬ ಹೊಸ ಪದ್ಧತಿ ಬಂತು. ಅದರಲ್ಲೂ ಮೊದಲ 512 ಬೈಟನ್ನು ಹಳೆ ರೂಪದಲ್ಲೇ ಬಿಟ್ಟು, ‘ಇಡೀ ಡಿಸ್ಕು ಒಂದೇ ಭಾಗ, ಜಾಗ ಖಾಲಿ ಇಲ್ಲ’ ಅಂತ ಸುಳ್ಳು ಬರೆದಿಡುತ್ತಾರೆ. ಬಸ್ಸಿನ ಸೀಟಿಗೆ ಕರ್ಚೀಫು ಹಾಕಿದ ಹಾಗೆ. ಹಳೆ ಸಿಸ್ಟಮ್ ಇಣುಕಿ ನೋಡಿ, ಯಾರೋ ಇದ್ದಾರೆ ಅಂದುಕೊಂಡು ಮುಂದೆ ಹೋಗುತ್ತದೆ. ನನಗೆ ಈ ಕರ್ಚೀಫು ಬಹಳ ಇಷ್ಟ.

ಸುಲ್ತಾನ್‌ಪೇಟೆಯ ಹೊಸ ಸಿಸ್ಟಮ್ಮಿನಲ್ಲಿ ಡ್ಯುಯಲ್ ಬೂಟ್ ಮಾತೇ ಇರಲಿಲ್ಲ. ಆ ಡಿಸ್ಕು ಜಿಪಿಟಿ, ಅದರಿಂದ ಎಕ್ಸ್‌ಪಿ ಏಳುವುದಿಲ್ಲ. ಉಳಿದದ್ದು ಎರಡನೆಯ ದಾರಿ: ಹೊಸದರ ಒಳಗೇ ಹಳೆಯದನ್ನು ಬಾಡಿಗೆಗೆ ಇಡುವುದು.

ಈ ಯೋಚನೆ ಎಕ್ಸ್‌ಪಿಗಿಂತ ಬಹಳ ಹಳೆಯದು. ಐಬಿಎಂ 1964ರಲ್ಲಿ ಸಿಸ್ಟಮ್/360 ತಂದಾಗ, ಹಳೆ 1401 ಯಂತ್ರಕ್ಕೆ ಬರೆದ ಪ್ರೋಗ್ರಾಮುಗಳನ್ನು ಗಿರಾಕಿಗಳು ಬಿಡಲೊಲ್ಲರು ಅಂತ ಅದಕ್ಕೆ ಗೊತ್ತಿತ್ತು. ಹೊಸ ಯಂತ್ರದ ಕೆಲವು ಮಾದರಿಗಳು 1401ರಂತೆಯೇ ನಟಿಸುತ್ತಿದ್ದವು. 1972ರಲ್ಲಿ ಅದೇ ಕಂಪನಿಯ ವಿಎಂ/370 ಬಂತು. ಒಂದೇ ದೊಡ್ಡ ಯಂತ್ರದೊಳಗೆ ಹಲವು ಯಂತ್ರಗಳು, ಒಂದೊಂದಕ್ಕೂ ಇಡೀ ಮನೆ ತನ್ನದೇ ಅನ್ನುವ ಭ್ರಮೆ. ನಮ್ಮ ಮೇಜಿನ ಕಂಪ್ಯೂಟರುಗಳ ಪ್ರೊಸೆಸರಿಗೆ ಇಂಟೆಲ್ ಈ ಅನುಕೂಲವನ್ನು ಸೇರಿಸಿದ್ದು 2005ರಲ್ಲಿ.

ನಾನು ಹಾಕಿದ್ದು ವರ್ಚುವಲ್‌ಬಾಕ್ಸ್, ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ನಟಿಸಿ ತೋರಿಸುವ ತಂತ್ರಾಂಶ. ಅದು ಎಕ್ಸ್‌ಪಿಗೆ ಒಂದು ನಾಟಕ ತೋರಿಸುತ್ತದೆ. ಡಿಸ್ಕು ಎಲ್ಲಿದೆ ಅಂದರೆ, ಇಗೋ ಅಂತ ಡಿಸ್ಕು ನಡೆಸುವ 1990ರ ದಶಕದ ಇಂಟೆಲ್ ಚಿಪ್ಪಿನ ವೇಷ ಹಾಕುತ್ತದೆ. ಎಕ್ಸ್‌ಪಿಗೆ ಆ ಚಿಪ್ಪು ಚಿರಪರಿಚಿತ. ಅದು ಡಿಸ್ಕು ಅಂದುಕೊಂಡಿರುವುದು ವಿಂಡೋಸ್ 11ರ ಒಂದು ಫೈಲು ಅಷ್ಟೇ. ಆ ಫೈಲನ್ನು ಕಾಪಿ ಮಾಡಿದರೆ ಇಡೀ ಎಕ್ಸ್‌ಪಿಯೇ ಕಾಪಿಯಾದ ಹಾಗೆ. ಮೆಮೊರಿ 512 ಮೆಗಾಬೈಟ್ ಕೊಟ್ಟೆ. ಈಗಿನ ಕಾಲಕ್ಕೆ ಚಿಲ್ಲರೆ ಕಾಸು, ಎಕ್ಸ್‌ಪಿಗೆ ಧಾರಾಳ. ಸ್ಕ್ಯಾನರಿನ ಯುಎಸ್‌ಬಿಯನ್ನು ನೇರ ಒಳಗಿನವನ ಕೈಗೇ ಕೊಟ್ಟೆ. 32 ಬಿಟ್ ಡ್ರೈವರ್ ತಕರಾರಿಲ್ಲದೆ ಕೂತಿತು.

ಒಂದನ್ನು ಮಾತ್ರ ಕೊಡಲಿಲ್ಲ, ಇಂಟರ್ನೆಟ್. ಕೈಬಿಟ್ಟ ಸಿಸ್ಟಮ್ಮಿನ ತೂತುಗಳನ್ನು ಯಾರೂ ಮುಚ್ಚುವುದಿಲ್ಲ. 2017ರ ಮೇ 12ರಂದು ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವಾನ್ನಾಕ್ರೈ ಎಂಬ ಕುತಂತ್ರಾಂಶ ಹಬ್ಬಿದಾಗ ಮೈಕ್ರೋಸಾಫ್ಟ್ ಮನಸ್ಸು ಮಾಡಿ, ಕೈಬಿಟ್ಟು ಮೂರು ವರ್ಷವಾಗಿದ್ದ ಎಕ್ಸ್‌ಪಿಗೂ ತೇಪೆ ಕೊಟ್ಟಿತು. ಅಂಥ ಕರುಣೆಯನ್ನು ಪ್ರತಿ ಸಲ ನಂಬಿಕೊಂಡು ಕೂರುವುದಕ್ಕಾಗುತ್ತದೆಯೇ? ನೆಟ್‌ವರ್ಕ್ ಕಾರ್ಡನ್ನು ಕಿತ್ತೆ. ಸ್ಕ್ರೂಡ್ರೈವರ್ ಬೇಕಿಲ್ಲ, ಒಂದು ಟಿಕ್ ತೆಗೆದರೆ ಆಯಿತು. ಒಳಗೂ ಹೊರಗೂ ಕಾಣುವ ಫೋಲ್ಡರ್ ಒಂದೇ ಒಂದು. ಅಕ್ಕ ಪಿಡಿಎಫ್ ಮಾಡಿ ಅದರಲ್ಲಿ ಹಾಕುತ್ತಾರೆ, ಹೊರಗಿನ ವಿಂಡೋಸ್ 11ರಿಂದ ಪಾರ್ಟಿಗೆ ವಾಟ್ಸಾಪ್ ಹೋಗುತ್ತದೆ.

ಹೊರಡುವಾಗ ಯಜಮಾನರು ಮೂರನೆಯ ಗಂಟನ್ನು ತೆಗೆದರು. ‘ಸಾರ್, ಕಾರ್ಡ್ ಸ್ಟಾಕ್ ಲೆಕ್ಕದ ಪ್ರೋಗ್ರಾಂ ಒಂದಿದೆ. ಡಾಸ್‌ದು.’ ಡಾಸ್ ಅಂದರೆ ವಿಂಡೋಸಿಗಿಂತ ಹಿಂದಿನ ಸಿಸ್ಟಮ್. ಅದರ ಪ್ರೋಗ್ರಾಂ ವಿಂಡೋಸ್ 11ರಲ್ಲಿ ನೇರವಾಗಿ ಓಡುವುದಿಲ್ಲ. 1985ರ 80386 ಪ್ರೊಸೆಸರಿನಿಂದ ಬಂದ ಒಂದು ಸೌಲಭ್ಯವಿದೆ, ಡಾಸ್ ಕಾಲದ ಹಳೆ 8086 ಪ್ರೊಸೆಸರಿನ ಹಾಗೆ ನಟಿಸುವುದು. ಪ್ರೊಸೆಸರ್ 64 ಬಿಟ್ಟಿಗೆ ಹೊರಳಿದ ಮೇಲೆ ಆ ನಟನೆ ನಿಲ್ಲುತ್ತದೆ. ಈ ಎಕ್ಸ್‌ಪಿ 32 ಬಿಟ್ಟಿನದು, ಅದಕ್ಕೆ ಇದು ಬರುತ್ತದೆ. ಒಳಗೆ ಹೋಗಿ ಡಬಲ್ ಕ್ಲಿಕ್ ಮಾಡಿದೆ. ಕಪ್ಪು ಕಿಟಕಿ ತೆರೆಯಿತು. 11ರ ಬಾಡಿಗೆದಾರ ಎಕ್ಸ್‌ಪಿ, ಅವನ ಹತ್ತಿರ ಒಳಬಾಡಿಗೆಗೆ ಡಾಸ್!

ಅದರಲ್ಲಿ ರೂಪಾಯಿ ಚಿಹ್ನೆ ಮಾತ್ರ ಬರುವುದಿಲ್ಲ. ಚಿಹ್ನೆ ಹುಟ್ಟಿದ್ದೇ 2010ರಲ್ಲಿ. ಯಜಮಾನರಿಗೆ ಹೇಳಿದೆ. ‘ಅದಿರಲಿ ಬಿಡಿ ಸಾರ್, ಕಾರ್ಡ್ ಎಷ್ಟಿದೆ ಅಂತ ಸರಿಯಾಗಿ ತೋರಿಸ್ತಾ?’ ಅಂದರು. ತೋರಿಸುತ್ತಿತ್ತು.