ಗಾಸ್‌ಫರ್ತ್ ಶಿಲುಬೆಗಲ್ಲನ್ನು ಓದುವುದು ಹೇಗೆ?

ಪರೀಕ್ಷೆಗೆಂದು ಹಳೆಯ ಶಿಲುಬೆಗಲ್ಲುಗಳನ್ನೆಲ್ಲ ಒಟ್ಟಿಗೆ ನೆನಪಿಡಲು ಹೋಗಬೇಡಿ, ತಲೆ ಕೆಡುತ್ತದೆ. ಒಂದನ್ನು ಸರಿಯಾಗಿ ನೋಡಿದರೆ ಸಾಕು. ಇಂಗ್ಲೆಂಡಿನ ಕಂಬ್ರಿಯಾದಲ್ಲಿ ಗಾಸ್‌ಫರ್ತ್ ಅಂತ ಒಂದು ಹಳ್ಳಿ. ಅಲ್ಲಿನ ಸೇಂಟ್ ಮೇರಿ ಚರ್ಚಿನ ಅಂಗಳದಲ್ಲಿ, ಸಮಾಧಿಗಳ ನಡುವೆ, ಸುಮಾರು 4.4 ಮೀಟರ್ ಎತ್ತರದ ಸಪೂರವಾದ ಕೆಂಪು ಮರಳುಗಲ್ಲಿನ ಶಿಲುಬೆ ಇಂದಿಗೂ ನಿಂತಿದೆ. ಕಾಲ 10ನೇ ಶತಮಾನದ ಮೊದಲರ್ಧ ಎನ್ನುತ್ತಾರೆ. ಕಲ್ಲಿನ ಮೇಲೆ ಬರಹವಿಲ್ಲ, ಕೆತ್ತನೆಯ ಶೈಲಿ ನೋಡಿ ಹೇಳಿದ್ದು.

ಫೋಟೋದಲ್ಲಿ ಎಲ್ಲರ ಕಣ್ಣೂ ತುದಿಯ ಶಿಲುಬೆಗೇ ಹೋಗುತ್ತದೆ. ಆದರೆ ಕಥೆ ಇರುವುದು ಕಂಬದಲ್ಲಿ. ಕಂಬದ ಬುಡ ದುಂಡಗಿದೆ, ಮೇಲೆ ಹೋದಂತೆ ಚೌಕವಾಗುತ್ತದೆ. ದುಂಡು ಭಾಗದ ಮೇಲ್ತುದಿಯಲ್ಲಿ ಉಂಗುರ ಉಂಗುರ ಹೆಣೆದ ಸರಪಳಿಯಂಥ ವಿನ್ಯಾಸವಿದೆ. ಸಮುದ್ರದಾಚೆಯ ಮ್ಯಾನ್ ದ್ವೀಪದ ಶಿಲುಬೆಗಲ್ಲುಗಳಲ್ಲೂ ಇಂಥದ್ದೇ ಸಿಗುತ್ತದೆ. ಆಗ ಆ ಕಡಲ ಸುತ್ತಲೆಲ್ಲ ಸ್ಕ್ಯಾಂಡಿನೇವಿಯಾ ಮೂಲದವರು, ಅಂದರೆ ವೈಕಿಂಗರು, ಬಂದು ನೆಲೆಸಿದ್ದರು.

ಈಗ ಮುಖ್ಯ ವಿಷಯ. ಪೂರ್ವದ ಮುಖದಲ್ಲಿ ಕೈ ಚಾಚಿದ ಕ್ರಿಸ್ತ ಇದ್ದಾನೆ, ಆದರೆ ಬೆನ್ನ ಹಿಂದೆ ಶಿಲುಬೆಯನ್ನೇ ಕೆತ್ತಿಲ್ಲ. ಕೆಳಗೆ ಈಟಿ ಹಿಡಿದ ಒಬ್ಬ, ಎದುರಿಗೆ ಉದ್ದ ಜಡೆಯ ಒಬ್ಬ ಹೆಂಗಸು. ಅದೇ ಮುಖದ ಮೇಲ್ಭಾಗದಲ್ಲಿ ಒಬ್ಬ ಗಂಡಸು ರಾಕ್ಷಸಾಕಾರದ ಪ್ರಾಣಿಯ ದವಡೆಗೆ ಕಾಲಿಟ್ಟು ಬಾಯಿ ಸೀಳುತ್ತಿದ್ದಾನೆ. ಇವನು ಕ್ರೈಸ್ತ ಧರ್ಮಕ್ಕೆ ಮುಂಚಿನ ಸ್ಕ್ಯಾಂಡಿನೇವಿಯಾ ಪುರಾಣದ ದೇವರು ವಿದಾರ್, ಫೆನ್ರಿರ್ ಎಂಬ ತೋಳವನ್ನು ಕೊಂದು ತಂದೆ ಓಡಿನ್‌ನ ಸಾವಿಗೆ ಸೇಡು ತೀರಿಸಿಕೊಂಡವನು. ಪಶ್ಚಿಮದಲ್ಲಿ ಅದೇ ಪುರಾಣದ, ಕಟ್ಟಿಹಾಕಿದ ಲೋಕಿ, ಅವನ ಮೇಲೆ ಹಾವಿನ ವಿಷ ಬೀಳದಂತೆ ಬಟ್ಟಲು ಹಿಡಿದ ಹೆಂಡತಿ ಸಿಗಿನ್. ಚರ್ಚಿನ ಅಂಗಳದಲ್ಲಿ ಇವರಿಗೇನು ಕೆಲಸ ಅಂತ ಕೇಳಬಹುದು, ಅಲ್ವಾ?

"ಎರಡು ಧರ್ಮ ಬೆರೆತಿತ್ತು" ಅಂತ ಬರೆದು ಸುಮ್ನೆ ಮುಗಿಸುವವರೇ ಜಾಸ್ತಿ. ನನಗದು ಸೋಮಾರಿ ಉತ್ತರ ಅನ್ನಿಸುತ್ತದೆ. ಆರಿಸಿಕೊಂಡ ಕಥೆಗಳನ್ನು ನೋಡಿ. ಹೆಚ್ಚಿನವು ರಾಗ್ನರೋಕ್‌ಗೆ, ಅಂದರೆ ಹಳೆಯ ದೇವರುಗಳೇ ಸಾಯುವ ಆ ಕೊನೆಯ ಯುದ್ಧಕ್ಕೆ ಸೇರಿದವು. ಹಳೆಯ ಲೋಕ ಮುಗಿಯಿತು, ಹೊಸದು ಬಂತು ಅನ್ನುವುದನ್ನು ಜನಕ್ಕೆ ಗೊತ್ತಿದ್ದ ಕಥೆಯಲ್ಲೇ ಹೇಳಿದ ಹಾಗಿದೆ.

ಒಂದು ಎಚ್ಚರಿಕೆ. ಈ ಆಕೃತಿಗಳನ್ನು ನಾವು ಗುರುತಿಸುವುದು ಹೆಚ್ಚಾಗಿ 13ನೇ ಶತಮಾನದಲ್ಲಿ ಐಸ್‌ಲ್ಯಾಂಡಿನಲ್ಲಿ ಬರೆದಿಟ್ಟ ಎಡ್ಡಾ ಕಥೆಗಳ ಸಹಾಯದಿಂದ, ಅಂದರೆ ಕಲ್ಲು ಕೆತ್ತಿ ಹೆಚ್ಚುಕಡಿಮೆ 300 ವರ್ಷ ಆದಮೇಲಿನ ಪಠ್ಯದಿಂದ. ಪರೀಕ್ಷೆಯಲ್ಲಿ "ಇದು ಲೋಕಿ" ಅಂತ ಬರೆಯುವ ಬದಲು "ಲೋಕಿ ಎಂದು ಗುರುತಿಸಲಾಗಿದೆ" ಅಂತ ಬರೆಯಿರಿ.

ಚರ್ಚಿನ ಒಳಗಿನ ಕಲ್ಲುಗಳನ್ನೂ ಬಿಡಬೇಡಿ. ಅದೇ ಪುರಾಣದ ದೇವರು ಥಾರ್ ಎತ್ತಿನ ತಲೆಯನ್ನು ಗಾಳಕ್ಕೆ ಸಿಕ್ಕಿಸಿ ಮೀನು ಹಿಡಿಯುವ ಒಂದು ತುಂಡು, ಮನೆಯ ಮಾಡಿನಂತೆ ಬೆನ್ನು ಉಬ್ಬಿದ ಎರಡು ಸಮಾಧಿಕಲ್ಲುಗಳು ಅಲ್ಲಿವೆ. ಇನ್ನು ಕಂಬ್ರಿಯಾದ್ದೇ ಆದ ಬ್ಯೂಕಾಸಲ್ ಶಿಲುಬೆಯನ್ನು ಇದರ ಜೊತೆ ಸೇರಿಸಿ ಗೊಂದಲ ಮಾಡಿಕೊಳ್ಳಬೇಡಿ. ಅದು ಇದಕ್ಕಿಂತ ಸುಮಾರು 200 ವರ್ಷ ಹಳೆಯದು, ತಲೆ ಕಳೆದುಕೊಂಡಿದೆ, ಮೈಮೇಲೆ ರೂನ್ ಎಂಬ ಹಳೆಯ ಲಿಪಿಯ ಬರಹವಿದೆ, ವೈಕಿಂಗರಿಗೂ ಅದಕ್ಕೂ ಸಂಬಂಧವಿಲ್ಲ.

ಗಾಸ್‌ಫರ್ತ್ ಕಲ್ಲು ಮಳೆಗಾಳಿಗೆ ಸವೆದಿದೆ, ಫೋಟೋದಲ್ಲಿ ಅರ್ಧ ಕಾಣುವುದಿಲ್ಲ. ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ 19ನೇ ಶತಮಾನದ ಪ್ಲಾಸ್ಟರ್ ಅಚ್ಚು ಇದೆ. ಚಿತ್ರ ಬಿಡಿಸಿ ಕಲಿಯುವವರು ಅದರ ಫೋಟೋಗಳನ್ನು ಪಕ್ಕದಲ್ಲಿಟ್ಟುಕೊಳ್ಳಿ.