ನ್ಯೂಟ್ರಲ್‌ನಲ್ಲಿ ಹುಲಿ, ಲೋಡ್ ಬಿದ್ದರೆ ಇಲಿ

ಕೀ ತಿರುಗಿಸಿದ ಕೂಡಲೇ ಬೋಟಿನ ಎಂಜಿನ್ ಸ್ಟಾರ್ಟ್ ಆಗುತ್ತದೆ. ನ್ಯೂಟ್ರಲ್‌ನಲ್ಲಿ ರೇಸ್ ಮಾಡಿದರೆ ಗುಡುಗುತ್ತದೆ. ಗೇರ್ ಹಾಕಿ, ನಾಲ್ಕು ಜನರನ್ನು ಕೂರಿಸಿಕೊಂಡು ಥ್ರಾಟಲ್ ಪೂರ್ತಿ ತಳ್ಳಿದರೆ ಮಾತ್ರ ಎಂಜಿನ್ ಏದುಸಿರು ಬಿಡುತ್ತದೆ, ಮೂತಿ ಮೇಲೆತ್ತಿದ ಬೋಟು ಮುಂದಕ್ಕೆ ಹೋಗೋದೇ ಇಲ್ಲ. ಇಂಥ ತೊಂದರೆ ಬಂದಾಗ ಹೆಚ್ಚಿನವರು ದಡಕ್ಕೆ ತಂದು ಮತ್ತೆ ನ್ಯೂಟ್ರಲ್‌ನಲ್ಲೇ ರೇಸ್ ಮಾಡಿ ಕಿವಿಗೊಟ್ಟು ಕೇಳುತ್ತಾರೆ. ಅದರಿಂದ ಗೊತ್ತಾಗುವುದು ಬಹಳ ಕಡಿಮೆ.

ಯಾಕೆ ಅಂದರೆ, ನೀರಿನಲ್ಲಿ ತಿರುಗುವ ಪ್ರೊಪೆಲ್ಲರ್ ಕೇಳುವ ಶಕ್ತಿ ಅದರ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು ಬೇಕು. 6000 ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತು) 100 ಹಾರ್ಸ್‌ಪವರ್ ಕೇಳುವ ಪ್ರೊಪೆಲ್ಲರ್‌ಗೆ 3000ದಲ್ಲಿ ಹೆಚ್ಚೂಕಡಿಮೆ 12 ಸಾಕು. ಬೋಟಿನಿಂದ ಬೋಟಿಗೆ ಈ ಲೆಕ್ಕ ಸ್ವಲ್ಪ ಆಚೀಚೆ ಆಗುತ್ತದೆ, ಆದರೆ ಮಾತು ಇಷ್ಟೇ: ಅರ್ಧಕ್ಕರ್ಧ ಕೆಟ್ಟ ಎಂಜಿನ್ ಕೂಡ ನಿಧಾನವಾಗಿ ಹೋಗುವಾಗ ಆರೋಗ್ಯವಾಗಿಯೇ ಕಾಣುತ್ತದೆ. ನ್ಯೂಟ್ರಲ್‌ನಲ್ಲಂತೂ ಪ್ರೊಪೆಲ್ಲರ್ ತಿರುಗುವುದೇ ಇಲ್ಲ, ಇನ್ನೇನು ಪರೀಕ್ಷೆ?

ಹಾಗಾಗಿ ಪರೀಕ್ಷೆ ನೀರಿನಲ್ಲೇ, ಲೋಡಿನಲ್ಲೇ ಆಗಬೇಕು. ಎಂಜಿನ್ ಸೋತಾಗ ಆರ್‌ಪಿಎಂ ತೋರಿಸುವ ಟ್ಯಾಕೋಮೀಟರ್ ಮುಳ್ಳು ಎತ್ತ ಹೋಯಿತು ಅಂತ ನೋಡಿ. ಆರ್‌ಪಿಎಂ ಏರುತ್ತಿದೆ, ಬೋಟು ಮಾತ್ರ ಓಡುತ್ತಿಲ್ಲ ಅಂದರೆ ಎಂಜಿನ್ನಿನ ಮೇಲೆ ಕೈ ಹಾಕಬೇಡಿ, ತಪ್ಪು ಪ್ರೊಪೆಲ್ಲರ್ ಕಡೆ ಇದೆ. ಔಟ್‌ಬೋರ್ಡ್ (ಬೋಟಿನ ಹಿಂಬದಿ ಹೊರಗೆ ಕೂರಿಸುವ ಎಂಜಿನ್) ಪ್ರೊಪೆಲ್ಲರ್‌ನ ಒಳಗೆ ರಬ್ಬರ್ ಹಬ್ ಇರುತ್ತದೆ. ಅದರ ಹಿಡಿತ ಬಿಟ್ಟರೆ ಲೋಡ್ ಹೆಚ್ಚಾದಾಗ ಶಾಫ್ಟ್ ತಿರುಗುತ್ತದೆ, ಅಲಗು ಹಿಂದೆ ಉಳಿಯುತ್ತದೆ. ಇದನ್ನು ಹಿಡಿಯುವುದು ಸುಲಭ. ಒಳಗಿನ ಹಬ್‌ನಿಂದ ಹೊರಗಿನ ಲೋಹದವರೆಗೆ ಬಣ್ಣದಲ್ಲಿ ಒಂದು ನೇರ ಗೆರೆ ಎಳೆದು ಒಂದು ಸುತ್ತು ಹೋಗಿ ಬನ್ನಿ. ಗೆರೆ ತುಂಡಾಗಿ ಅಕ್ಕಪಕ್ಕ ಸರಿದಿದ್ದರೆ ಹಬ್ ಜಾರುತ್ತಿದೆ, ಅಷ್ಟೇ. ಎಂಜಿನ್ನನ್ನು ತುಂಬಾ ಮೇಲೆ ಕೂರಿಸಿದ್ದರೂ ಪ್ರೊಪೆಲ್ಲರ್ ಗಾಳಿ ಎಳೆದುಕೊಂಡು ಸುಮ್ನೆ ಸುತ್ತುತ್ತದೆ.

ಎಂಜಿನ್ ಚೆನ್ನಾಗಿದ್ದೂ ಬೋಟು ಓಡದೆ ಇರುವುದಕ್ಕೆ ಬಹಳ ಹೆಸರಾದ ಉದಾಹರಣೆ ಇದೆ. 1894ರಲ್ಲಿ ಬ್ರಿಟಿಷ್ ಎಂಜಿನಿಯರ್ ಚಾರ್ಲ್ಸ್ ಪಾರ್ಸನ್ಸ್ ತನ್ನ ಉಗಿ ಟರ್ಬೈನನ್ನು ಟರ್ಬೀನಿಯಾ ಎಂಬ ದೋಣಿಗೆ ಹಾಕಿದಾಗ ಅಂದುಕೊಂಡ ವೇಗ ಬರಲೇ ಇಲ್ಲ. ಪ್ರೊಪೆಲ್ಲರ್ ಎಷ್ಟು ಜೋರಾಗಿ ತಿರುಗುತ್ತಿತ್ತೆಂದರೆ, ಅಲಗಿನ ಬೆನ್ನ ಮೇಲೆ ಒತ್ತಡ ಕುಸಿದು ತಣ್ಣೀರೇ ಆವಿಯಾಗಿ ಗುಳ್ಳೆ ಕಟ್ಟುತ್ತಿತ್ತು. ಆತ ಸಣ್ಣ ತೊಟ್ಟಿಯಲ್ಲಿ ಪ್ರೊಪೆಲ್ಲರ್ ತಿರುಗಿಸಿ ಈ ಗುಳ್ಳೆಗಳನ್ನು ಕಣ್ಣಾರೆ ನೋಡಿದ. ಆಮೇಲೆ ಒಂದರ ಬದಲು ಮೂರು ಶಾಫ್ಟ್, ಒಂದೊಂದಕ್ಕೆ ಮೂರು ಪ್ರೊಪೆಲ್ಲರ್. 1897ರ ಹೊತ್ತಿಗೆ ಅದೇ ದೋಣಿ ಗಂಟೆಗೆ ಸುಮಾರು 63 ಕಿಲೋಮೀಟರ್, ಅಂದರೆ 34 ನಾಟ್‌ ದಾಟಿತು.

ಆರ್‌ಪಿಎಂ ಕೂಡ ಇಳಿಯುತ್ತಿದ್ದರೆ ಆಗ ಎಂಜಿನ್ ನೋಡಬೇಕು. ಮೊದಲು ಬೀಪ್ ಅಲಾರಂ ಏನಾದರೂ ಬಂತಾ ಗಮನಿಸಿ. ಬಿಸಿ ಜಾಸ್ತಿಯಾದರೆ, ಆಯಿಲ್ ಒತ್ತಡ ಇಳಿದರೆ ಈಗಿನ ಬಹುತೇಕ ಎಂಜಿನ್‌ಗಳು ತಾವೇ ಆರ್‌ಪಿಎಂ ಕಟ್ಟಿಹಾಕುತ್ತವೆ. ಅದಿಲ್ಲ ಅಂದರೆ ನನ್ನ ಅನುಮಾನ ಮೊದಲು ಇಂಧನದ ಮೇಲೆ.

100 ಹಾರ್ಸ್‌ಪವರ್‌ನ ಪೆಟ್ರೋಲ್ ಎಂಜಿನ್ ಐಡಲ್‌ನಲ್ಲಿ ಗಂಟೆಗೆ ಒಂದೆರಡು ಲೀಟರ್ ಕುಡಿದರೆ, ಪೂರ್ತಿ ಥ್ರಾಟಲ್‌ನಲ್ಲಿ ಸುಮಾರು 35 ಲೀಟರ್ ಕುಡಿಯುತ್ತದೆ. ಅರ್ಧ ಕಟ್ಟಿದ ಫಿಲ್ಟರ್ ಒಂದೆರಡು ಲೀಟರನ್ನು ಆರಾಮಾಗಿ ಬಿಡುತ್ತದೆ, 35 ಬಿಡುವುದಿಲ್ಲ. ಟ್ಯಾಂಕಿನ ಗಾಳಿಕಂಡಿ ಮುಚ್ಚಿದ್ದರೂ ಇದೇ ಕಥೆ. ಪೆಟ್ರೋಲ್ ಖಾಲಿಯಾದ ಜಾಗಕ್ಕೆ ಗಾಳಿ ಬರದೆ ಟ್ಯಾಂಕಿನೊಳಗೆ ನಿರ್ವಾತ ಬೆಳೆಯುತ್ತದೆ, ಸ್ವಲ್ಪ ಹೊತ್ತು ಚೆನ್ನಾಗಿ ಓಡಿದ ಬೋಟು ಆಮೇಲೆ ಸೋಲುತ್ತದೆ. ಮುಚ್ಚಳ ಸಡಿಲಿಸಿದಾಗ ಉಸ್ ಅಂತ ಗಾಳಿ ಒಳಕ್ಕೆ ಎಳೆದರೆ ಕಳ್ಳ ಸಿಕ್ಕ ಹಾಗೆ.

ಟ್ಯಾಂಕಿನಿಂದ ಬರುವ ಪೈಪಿನಲ್ಲಿ ಪ್ರೈಮರ್ ಬಲ್ಬ್ (ಪೆಟ್ರೋಲ್ ತಳ್ಳಲು ಕೈಯಲ್ಲಿ ಹಿಂಡುವ ರಬ್ಬರ್ ಬುರುಡೆ) ಇದ್ದರೆ ಇನ್ನೂ ಒಳ್ಳೆಯದು. ಸ್ಟಿಯರಿಂಗ್ ಹಿಡಿಯಲು ಬೇರೊಬ್ಬರಿರಲಿ. ಎಂಜಿನ್ ಸೋಲುವಾಗ ಬಲ್ಬ್ ಚಪ್ಪಟೆಯಾಗುತ್ತಿದ್ದರೆ ತಡೆ ಇರುವುದು ಬಲ್ಬಿಗಿಂತ ಹಿಂದೆ, ಟ್ಯಾಂಕಿನ ಕಡೆ. ಚಪ್ಪಟೆಯಾಗದೆ, ಕೈಯಲ್ಲಿ ಹಿಂಡಿದ ತಕ್ಷಣ ಎಂಜಿನ್ ಚೇತರಿಸಿಕೊಂಡರೆ ಪೆಟ್ರೋಲ್ ಪಂಪೋ ಗಾಳಿ ಸೋರಿಕೆಯೋ ಇರಬೇಕು. ಈ ಗಾಳಿ ಸೋರಿಕೆ ಮಹಾ ಮೋಸದ್ದು. ಪಂಪ್ ಎಳೆಯುವ ಕಡೆಯ ಪೈಪಿನಲ್ಲಿ ಬಿರುಕಿದ್ದರೆ ಪೆಟ್ರೋಲ್ ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿಯೇ ಒಳಗೆ ಹೋಗುತ್ತದೆ. ಪೈಪು ಹೊರಗಿನಿಂದ ಒಣಗಿ ಚೆನ್ನಾಗಿ ಕಾಣುತ್ತದೆ! ನಡುವೆ ಒಂದು ತುಂಡು ಪಾರದರ್ಶಕ ಪೈಪು ಸೇರಿಸಿದರೆ ಗುಳ್ಳೆಗಳು ಕಾಣುತ್ತವೆ. ಇನ್ನೊಂದು, ಎಥನಾಲ್ ಬೆರೆತ ಪೆಟ್ರೋಲ್ ಹಳೆಯ ಪೈಪಿನ ಒಳಪದರವನ್ನು ಕೀಳಬಹುದು. ಕಿತ್ತ ತುದಿ ನಿಧಾನದ ಹರಿವಿನಲ್ಲಿ ಗೋಡೆಗೆ ಅಂಟಿಕೊಂಡಿದ್ದು, ಹರಿವು ಜೋರಾದಾಗ ಮಡಚಿ ದಾರಿ ಮುಚ್ಚುತ್ತದೆ. ಬೇರೆ ಟ್ಯಾಂಕು, ಬೇರೆ ಪೈಪು ಜೋಡಿಸಿ ಓಡಿಸಿ ನೋಡಿದರೆ ಇದೆಲ್ಲ ಒಂದೇ ಏಟಿಗೆ ಇತ್ಯರ್ಥ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬೋಟಿನ ತಳದಲ್ಲಿ ಕೂರುತ್ತದೆ. ಈ ಕೆಲಸ ಮಾಡುವಾಗ ಬೆಂಕಿ, ಕಿಡಿ ಹತ್ತಿರ ಇರಬಾರದು.

ಕಿಡಿ ಅಂದ ಕೂಡಲೇ ಸ್ಪಾರ್ಕ್ ಪ್ಲಗ್ ನೆನಪಾಗುತ್ತದೆ, ಅಲ್ವಾ? ಹೊರಗೆ ತೆಗೆದು ನೋಡಿದರೆ ಚೆನ್ನಾಗಿಯೇ ಕಿಡಿ ಬರುವ ಪ್ಲಗ್ ಲೋಡಿನಲ್ಲಿ ಮಿಸ್ ಹೊಡೆಯಬಹುದು. ಕಿಡಿ ಹಾರಲು ಬೇಕಾದ ವೋಲ್ಟೇಜು ಅನಿಲದ ಒತ್ತಡ ಮತ್ತು ತುದಿಗಳ ನಡುವಿನ ಅಂತರದ ಮೇಲೆ ನಿಂತಿದೆ ಎಂದು ಜರ್ಮನಿಯ ಭೌತವಿಜ್ಞಾನಿ ಫ್ರೀಡ್ರಿಶ್ ಪಾಶೆನ್ 1889ರಲ್ಲೇ ತೋರಿಸಿದ್ದ. ಥ್ರಾಟಲ್ ಪೂರ್ತಿ ತೆರೆದಾಗ ಸಿಲಿಂಡರ್‌ನಲ್ಲಿ ಅನಿಲ ಒತ್ತೊತ್ತಾಗಿ ತುಂಬಿರುತ್ತದೆ. ಎಲೆಕ್ಟ್ರಾನ್ ವೇಗ ಹಿಡಿಯುವ ಮುಂಚೆಯೇ ಯಾವುದೋ ಅಣುವಿಗೆ ಡಿಕ್ಕಿ ಹೊಡೆಯುತ್ತದೆ, ಹಾಗಾಗಿ ಹೆಚ್ಚು ವೋಲ್ಟೇಜು ಬೇಕು. ಕಿಡಿಗೆ ವೋಲ್ಟೇಜು ಕೊಡುವ ಕಾಯಿಲ್ ಸೋತಿದ್ದರೆ, ಪ್ಲಗ್ ಸವೆದು ಅಂತರ ದೊಡ್ಡದಾಗಿದ್ದರೆ, ಪಿಂಗಾಣಿಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ, ಅದು ಬಯಲಾಗುವುದು ಆಗಲೇ. ಪ್ಲಗ್‌ಗಳನ್ನು ತೆಗೆದು ಸಿಲಿಂಡರ್ ಕ್ರಮದಲ್ಲೇ ಸಾಲಾಗಿ ಇಡಿ. ಒಂದು ಮಾತ್ರ ಒದ್ದೆಯಾಗಿ ಕಪ್ಪಗಿದ್ದರೆ ಹುಡುಕಬೇಕಾದ್ದು ಆ ಸಿಲಿಂಡರಿನಲ್ಲಿ.

ಡೀಸೆಲ್‌ನಲ್ಲಿ ಪ್ಲಗ್ ತಲೆನೋವಿಲ್ಲ, ಹೊಗೆಯೇ ಮಾತಾಡುತ್ತದೆ. ಲೋಡಿನಲ್ಲಿ ಕಪ್ಪು ಹೊಗೆ ಬಂದರೆ ಡೀಸೆಲ್ ಇದೆ, ಗಾಳಿ ಸಾಲದು: ಏರ್ ಫಿಲ್ಟರ್, ಗಾಳಿ ಒತ್ತಿ ತುಂಬುವ ಟರ್ಬೊ, ಇಲ್ಲವೇ ನೀರು ಬೆರೆಯುವ ಎಕ್ಸಾಸ್ಟ್ ಎಲ್ಬೋ ಎಂಬ ಬಾಗಿದ ಪೈಪಿನಲ್ಲಿ ಮಸಿ ಕಟ್ಟಿ ಹೊಗೆ ಹೊರಹೋಗಲು ದಾರಿಯೇ ಇಲ್ಲದಿರುವುದು. ಹೊಗೆಯೇ ಇಲ್ಲದೆ ಸೋತರೆ ಮತ್ತೆ ಇಂಧನದ ಫಿಲ್ಟರ್‌ಗೇ ಬನ್ನಿ.

ಇದ್ಯಾವುದೂ ಅಲ್ಲ, ಎಂಜಿನ್ ನಯವಾಗಿ, ಒಂದೂ ಮಿಸ್ ಇಲ್ಲದೆ ಓಡುತ್ತಿದೆ, ಆದರೆ ಕೈಪಿಡಿ ಹೇಳುವ ಗರಿಷ್ಠ ಆರ್‌ಪಿಎಂ ಮುಟ್ಟುತ್ತಿಲ್ಲ. ಆಗ ಎಂಜಿನ್ನಿಗೆ ಹೊರೆಯೇ ಜಾಸ್ತಿಯಾಗಿದೆ. ತಳಕ್ಕೆ ಚಿಪ್ಪುಜೀವಿ, ಪಾಚಿ ಅಂಟಿದೆಯೇ ನೋಡಿ ಕೆರೆದು ತೆಗೆಯಿರಿ. ತಳ ಸ್ವಚ್ಛವಾಗಿಯೂ ಮುಳ್ಳು ಏರದಿದ್ದರೆ ಪ್ರೊಪೆಲ್ಲರ್‌ನ ಪಿಚ್ (ಒಂದು ಸುತ್ತಿಗೆ ಅದು ಮುಂದೆ ಸಾಗಬೇಕಾದ ದೂರ) ದೊಡ್ಡದು. ಒಂದು ಇಂಚು ಪಿಚ್ ಇಳಿಸಿದರೆ ಸಾಮಾನ್ಯವಾಗಿ 150ರಿಂದ 200 ಆರ್‌ಪಿಎಂ ಏರುತ್ತದೆ.